ನೊರೆಯಕ್ಕ ನೀರುನಾಯಿಗೆ ಸ್ನಾನ ಮಾಡಿಸಿದ್ದು

ಬಟ್ಟೆ ಒಗೆಯುವವರು ಬಟ್ಟೆಯನ್ನು ಕಣ್ಣಿಗಿಂತ ಮೊದಲು ಮೂಗಿನಿಂದ ನೋಡುತ್ತಾರೆ. ನೊರೆಯಕ್ಕನಂತೂ ಆ ವಿದ್ಯೆಯಲ್ಲಿ ಪಳಗಿ ಹಣ್ಣಾದವಳು. ಒಂದು ಚಾದರ ಎತ್ತಿ ಮೂಗಿಗೆ ಹಿಡಿದರೆ ಸಾಕು, ಇದು ಹಾಲು ಚೆಲ್ಲಿದ್ದು, ಇದು ರಕ್ತ, ಇದು ಹುಣ್ಣಿಗೆ ಹಚ್ಚುವ ಮುಲಾಮು, ಇದು ಬರೀ ಹೆದರಿಕೆಯ ಬೆವರು ಎಂದು ಒಂದೊಂದನ್ನೂ ಬೇರೆ ಬುಟ್ಟಿಗೆ ಎಸೆಯುತ್ತಿದ್ದಳು. ಯಾವುದು ತಣ್ಣೀರಿಗೆ, ಯಾವುದು ಬಿಸಿನೀರಿಗೆ, ಯಾವುದನ್ನು ರಾತ್ರಿಯೇ ನೆನೆಹಾಕಬೇಕು ಎನ್ನುವುದೆಲ್ಲ ಅವಳಿಗೆ ಬೆರಳ ತುದಿಯಲ್ಲಿ.

ಇಪ್ಪತ್ತೆರಡು ವರ್ಷ ಅವಳು ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಗೆದಳು. ಮೊಣಕೈವರೆಗೆ ಸದಾ ನೊರೆ ಇರುತ್ತಿದ್ದದ್ದರಿಂದ ಹೆಸರೂ ನೊರೆಯಕ್ಕ ಎಂದೇ ಆಗಿ, ಹೆತ್ತವರು ಇಟ್ಟ ಹೆಸರು ಅರ್ಜಿ ತುಂಬುವಾಗ ಮಾತ್ರ ಹೊರಗೆ ಬರುತ್ತಿತ್ತು. ಆಸ್ಪತ್ರೆಯವರು ಬಟ್ಟೆಯನ್ನೆಲ್ಲ ಹೊರಗಿನ ಕಂಪನಿಗೆ ಕೊಡಲು ಶುರು ಮಾಡಿದ ಮೇಲೆ ಅವಳು ಊರಾಚೆಯ ಕಾಡುಪ್ರಾಣಿಗಳ ಆರೈಕೆ ಕೇಂದ್ರಕ್ಕೆ ಸೇರಿಕೊಂಡಳು. ರೆಕ್ಕೆ ಮುರಿದ ಗೂಬೆ, ಗಾಡಿಗೆ ಸಿಕ್ಕಿದ ಮುಂಗುಸಿ, ತಾಯಿಯನ್ನು ಕಳೆದುಕೊಂಡ ಮರಿಗಳು. ಅವಕ್ಕೆ ಹಾಸುವ ಕಂಬಳಿ, ಟವೆಲು, ಗೋಣಿ, ಡಾಕ್ಟರ ನಿಲುವಂಗಿ, ಎಲ್ಲ ಅವಳ ಪಾಲಿಗೆ.

"ಹೇಗಿದೆ ಹೊಸ ಕೆಲಸ?" ಎಂದು ಹಳೆಯ ಪರಿಚಯದವರು ಕೇಳಿದರೆ, "ರೋಗಿಗಳು ಮಾತಾಡಲ್ಲ, ಅಷ್ಟೇ ವ್ಯತ್ಯಾಸ. ನೆಮ್ಮದಿ," ಎನ್ನುತ್ತಿದ್ದಳು.

ಅವಳದ್ದೊಂದು ಅಭ್ಯಾಸವಿತ್ತು. ಬಟ್ಟೆಯಲ್ಲಿ ಸೋಪು ಉಳಿದಿದೆಯೋ ಇಲ್ಲವೋ ನೋಡಲು ಕೊನೆಯ ಸಲ ಜಾಲಿಸಿದ ಬಟ್ಟೆಯನ್ನು ಹಿಂಡಿ, ಅದರ ಒಂದು ಹನಿಯನ್ನು ನಾಲಿಗೆ ತುದಿಗೆ ಮುಟ್ಟಿಸುತ್ತಿದ್ದಳು. ಕೇಂದ್ರದ ಡಾಕ್ಟರಮ್ಮ ಮೊದಲ ಸಲ ಇದನ್ನು ಕಂಡಾಗ ಬಾಗಿಲಲ್ಲೇ ನಿಂತುಬಿಟ್ಟಳು. ವಯಸ್ಸಿನಲ್ಲಿ ನೊರೆಯಕ್ಕನ ಸೊಸೆಯ ಓರಗೆಯವಳು, ಮಾತು ಕಡಿಮೆ, ನಡಿಗೆ ಜೋರು.

"ಅಯ್ಯೋ ನೊರೆಯಕ್ಕ, ಅದನ್ನ ಯಾಕೆ ಬಾಯಿಗೆ ಹಾಕ್ತೀರ?"

"ಬೆರಳು ಸುಳ್ಳು ಹೇಳುತ್ತೆ ಡಾಕ್ಟರಮ್ಮ. ನಾಲಿಗೆ ಹೇಳಲ್ಲ."

"ಹೊಟ್ಟೆ ಕೆಟ್ಟರೆ ನನ್ನ ಹತ್ರ ಬರಬೇಡಿ. ನಾನು ಮನುಷ್ಯರ ಡಾಕ್ಟರಲ್ಲ."

"ಇಷ್ಟು ವರ್ಷ ಕೆಡದೇ ಇರೋದು ಈಗ ಕೆಡುತ್ತಾ?" ಎಂದು ನೊರೆಯಕ್ಕ ಇನ್ನೊಂದು ಟವೆಲು ಹಿಂಡಿದ್ದಳು.

ಹೀಗೆ ಎಲ್ಲ ಸರಾಗವಾಗಿ ನಡೆಯುತ್ತಿದ್ದಾಗ ಸೀಟಿ ಬಂತು.

ಹೊಳೆದಂಡೆಯಲ್ಲಿ ಕೆಲಸ ಮಾಡುವವರಿಗೆ ಒಂದು ಬಿಲದ ಬಾಯಲ್ಲಿ ಸಿಕ್ಕಿದ ನೀರುನಾಯಿ ಮರಿ ಅದು. ತಾಯಿಯ ಸುಳಿವಿಲ್ಲ. ಬಂದಾಗ ಒಂದು ಕೈಯಲ್ಲಿ ಹಿಡಿಯುವಷ್ಟಿತ್ತು. ಹಸಿವಾದರೆ ಸಣ್ಣ ದನಿಯಲ್ಲಿ ಸೀಟಿ ಊದಿದ ಹಾಗೆ ಕೂಗುತ್ತಿದ್ದರಿಂದ ಅದೇ ಹೆಸರು ನಿಂತಿತು. ಒಗೆಯುವ ಕೋಣೆಯ ಪಕ್ಕದ ಚಿಕ್ಕ ಕೋಣೆಯಲ್ಲಿ ಅದಕ್ಕೆ ಜಾಗ ಮಾಡಿದ್ದರು. ಬಿಸಿನೀರಿನ ಕೊಳವೆ ಆ ಗೋಡೆಯೊಳಗೇ ಹಾದುಹೋಗುತ್ತಿದ್ದರಿಂದ ಕೋಣೆ ಸದಾ ಬೆಚ್ಚಗಿರುತ್ತಿತ್ತು. ಒಣಗಿಸುವ ಯಂತ್ರದಿಂದ ಆಗತಾನೇ ತೆಗೆದ ಟವೆಲನ್ನು ನೊರೆಯಕ್ಕ ತಂದು ಹಾಸಿದರೆ ಮರಿ ಅದರೊಳಗೆ ತೂರಿಕೊಂಡು, ಮೂತಿ ಮಾತ್ರ ಹೊರಗಿಟ್ಟು ಅವಳನ್ನೇ ನೋಡುತ್ತಿತ್ತು. ಬೆಚ್ಚನೆಯ ಟವೆಲ್ ತರುವ ಕೈ ಎಂದರೆ ಅದಕ್ಕೆ ಪ್ರಾಣ.

ಮರಿಯ ಊಟ, ಆಟ, ಪಾಠ ಎಲ್ಲ ನೋಡಿಕೊಳ್ಳುತ್ತಿದ್ದವನು ಮೀಸೆಯಣ್ಣ. ಕೇಂದ್ರದ ಹಳೆಯ ಆಳು. ಮೂಗಿನ ಕೆಳಗೆ ಪೊರಕೆಯಂಥ ಮೀಸೆ. ಕೆಲಸ ಮಾಡುತ್ತ ಮಾತಾಡುವುದು ಅವನ ಗುಣ, ಕೈಗೆ ಬಿಡುವಿಲ್ಲದೆ ಕೇಳುವುದು ನೊರೆಯಕ್ಕನ ಗುಣ. ಇಬ್ಬರಿಗೂ ಹೊಂದಿಕೊಂಡಿತ್ತು.

"ಇದರ ಮೂಗು ನೋಡಿದ್ಯಾ ಅಕ್ಕ?" ಎನ್ನುತ್ತಿದ್ದ ಅವನು, ಬಕೆಟ್ಟಿನ ಮೀನನ್ನು ಟಬ್ಬಿಗೆ ಬಿಡುತ್ತ. "ನೀರಿಗೆ ಮುಳುಗಿದ ತಕ್ಷಣ ಮುಚ್ಚಿಕೊಳ್ಳುತ್ತೆ, ಬಾಗಿಲು ಹಾಕ್ಕೊಂಡ ಹಾಗೆ. ಕಿವೀನೂ ಅಷ್ಟೇ. ಒಂದು ತೊಟ್ಟು ಒಳಗೆ ಹೋಗಲ್ಲ."

"ಹೌದಾ?"

"ಬೆರಳುಗಳ ಮಧ್ಯೆ ಚರ್ಮ ಇದೆ, ದೋಣಿ ಹುಟ್ಟಿನ ಹಾಗೆ ನೀರು ತಳ್ಳೋಕೆ. ಬಾಲ ಬುಡದಲ್ಲಿ ದಪ್ಪ, ತಿರುಗಿಸೋಕೆ. ಇನ್ನು ಮೀಸೆ. ಕೆಸರು ನೀರಲ್ಲಿ ಕಣ್ಣು ಕಾಣದೇ ಇದ್ದರೂ ಮೀನು ಅಲ್ಲಾಡಿದರೆ ಮೀಸೆಗೆ ಗೊತ್ತಾಗುತ್ತೆ."

"ನಿನ್ನ ಮೀಸೆಗೆ ಏನು ಗೊತ್ತಾಗುತ್ತೆ?"

"ಮನೆಯವಳು ಸಿಟ್ಟಲ್ಲಿದ್ದಾಳಾ ಇಲ್ವಾ ಅಂತ ಬಾಗಿಲ ಹೊರಗಿಂದಲೇ ಗೊತ್ತಾಗುತ್ತೆ." ಅವನು ನಕ್ಕು ಮರಿಯ ನೆತ್ತಿ ತಟ್ಟಿದ. "ಒಟ್ಟು ಇದು ನೀರಿಗೆ ಅಂತಲೇ ಮಾಡಿದ ಮೈ ಅಕ್ಕ. ಅಡಿಯಿಂದ ಮುಡಿವರೆಗೆ."

ನೀರಿಗೆ ಅಂತಲೇ ಮಾಡಿದ ಮೈ. ಆ ಮಾತು ನೊರೆಯಕ್ಕನ ಮನಸ್ಸಲ್ಲಿ ಕೂತುಬಿಟ್ಟಿತು. ಮೂಗು, ಕಿವಿ, ಬೆರಳು, ಬಾಲ, ಮೀಸೆ ಎಲ್ಲದರ ಸುದ್ದಿ ಹೇಳಿದ ಮೀಸೆಯಣ್ಣ ಕೂದಲಿನ ಸುದ್ದಿ ಹೇಳಲಿಲ್ಲ. ಅವನಿಗೆ ಗೊತ್ತಿರಲಿಲ್ಲ ಅಂತಲ್ಲ. ಹೇಳುವ ಪ್ರಸಂಗ ಬರಲಿಲ್ಲ, ಅಷ್ಟೇ.

ಈ ನಡುವೆ ಕಂಬಳಿಗಳ ತಕರಾರು ಶುರುವಾಯಿತು. ಸೀಟಿಗೆ ಐದು ತಿಂಗಳು ತುಂಬಿದ ಮೇಲೆ ಅದು ಮಲಗಿದ ಕಂಬಳಿ, ಹೊರಳಾಡಿದ ಟವೆಲು, ಎಲ್ಲಕ್ಕೂ ತೆಳ್ಳನೆಯ ಜಿಡ್ಡು ಅಂಟತೊಡಗಿತು. ಜೊತೆಗೆ ಮೀನಿನದೂ ಅಲ್ಲದ, ಕೆಸರಿನದೂ ಅಲ್ಲದ ಒಂದು ಗಡುಸು ವಾಸನೆ. ನೊರೆಯಕ್ಕ ಬೆಳಿಗ್ಗೆ ಒಗೆದು ಹಾಸಿದರೆ ಮಧ್ಯಾಹ್ನಕ್ಕೆ ಮತ್ತೆ ಜಿಡ್ಡು, ಮಧ್ಯಾಹ್ನ ಒಗೆದರೆ ಸಂಜೆಗೆ ಮತ್ತೆ. ಅವಳ ಜೀವಮಾನದಲ್ಲಿ ಜಿಡ್ಡು ಎಂದರೆ ಕೊಳೆ. ಜಿಡ್ಡಿರುವಲ್ಲಿ ನೀರು ನಿಲ್ಲುವುದಿಲ್ಲ, ನೀರು ನಿಲ್ಲದಲ್ಲಿ ಶುದ್ಧ ಇಲ್ಲ. ಅಡುಗೆಮನೆಯ ಏಪ್ರನ್ನು ಒಗೆಯುವವರೆಲ್ಲ ಕಲಿಯುವ ಮೊದಲ ಪಾಠ ಅದು.

"ಅಲ್ಲ ಕಣೆ," ಎಂದಳು ಒಂದು ಸಂಜೆ ಸೊಸೆಯ ಹತ್ತಿರ. ಸೊಸೆ ಚಪ್ಪಲಿ ಅಂಗಡಿಯ ಕೆಲಸ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದಳು. ಮಗ ಲಾರಿ ಓಡಿಸುವವನು, ಮನೆಯಲ್ಲಿ ಇರುವುದಕ್ಕಿಂತ ರಸ್ತೆಯಲ್ಲಿ ಇರುವುದೇ ಹೆಚ್ಚು. "ಕೊಳೆ ಇರೋದು ಮರೀ ಮೇಲೆ. ನಾನು ಒಗೀತಾ ಇರೋದು ಕಂಬಳೀನ. ಇದು ಯಾವ ನ್ಯಾಯ?"

"ಹಾಗಂತ ಅದನ್ನೂ ಮಷೀನಿಗೆ ಹಾಕ್ಬಿಟ್ಟೀರ, ನಿಮ್ಮನ್ನ ನಂಬೋ ಹಾಗಿಲ್ಲ ಅತ್ತೆ. ಈ ಮನೆ ಬೆಕ್ಕು ನಿಮ್ಮ ಕೈಲಿ ಬಕೆಟ್ ಕಂಡ್ರೆ ಮಾಳಿಗೆ ಹತ್ತುತ್ತೆ."

"ಬೆಕ್ಕಿಗೆ ನೀರು ಆಗಲ್ಲ. ಇದು ನೀರಿನ ಪ್ರಾಣಿ."

"ಡಾಕ್ಟರನ್ನ ಒಂದು ಮಾತು ಕೇಳಿ."

"ಒಂದು ಮಗೂನ ತೊಳೆಯೋಕೆ ಡಾಕ್ಟರನ್ನ ಕೇಳಬೇಕಾ? ನಿನ್ನ ಗಂಡನ್ನ ತೊಳೆದವಳು ಯಾರು?"

ಸೊಸೆ ನಕ್ಕುಬಿಟ್ಟಳು. ಅಲ್ಲಿಗೆ ಆ ಮಾತು ನಿಂತಿತು.

ಮರುದಿನ ಸೀಟಿಯನ್ನು ಹಿತ್ತಲಿನ ದೊಡ್ಡ ಕೊಳಕ್ಕೆ ಬಿಡುವ ದಿನ. ಅಷ್ಟು ದಿನ ಟಬ್ಬಿನಲ್ಲಿ ಆಡಿದ ಮರಿ ಇನ್ನು ಆಳದ ನೀರಿನಲ್ಲಿ ಈಜಿ, ಮೀನು ಹಿಡಿದು, ಪಳಗಿದರೆ ನಾಲ್ಕೈದು ತಿಂಗಳಲ್ಲಿ ಹೊಳೆಗೆ ವಾಪಸ್ಸು. ಡಾಕ್ಟರಮ್ಮ ಬೆಳಿಗ್ಗೆ ಬೇರೆ ಊರಿಗೆ ಹೋಗಿದ್ದಳು, ಎರಡು ಗಂಟೆಗೆ ಬರುವವಳಿದ್ದಳು. ಮೀಸೆಯಣ್ಣ ಜೀವಂತ ಮೀನು ತರಲು ಹೋಗಿದ್ದ. ಒಳ್ಳೆಯ ದಿನಕ್ಕೆ ಹೊರಟ ಮಗುವನ್ನು ಕೊಳಕಾಗಿ ಕಳಿಸುವುದು ನೊರೆಯಕ್ಕನಿಂದ ಆಗದ ಕೆಲಸ. ಮೊಳೆಗೆ ಹಾಕಿದ್ದ ಸೀಟಿಯ ಕೋಣೆಯ ಬೀಗದ ಕೈ ತೆಗೆದುಕೊಂಡಳು.

ಉಗುರುಬೆಚ್ಚಗಿನ ನೀರು, ಅಗಲದ ಟಬ್ಬು. ಸೀಟಿ ಇದೂ ಒಂದು ಆಟವೆಂದು ತಾನೇ ಹಾರಿ ಬಿತ್ತು. ನೊರೆಯಕ್ಕ ಮೊದಲು ಮೈಸೋಪು ಹಚ್ಚಿದಳು. ನೀರು ಹಾಕಿದರೆ ಹನಿಹನಿಯಾಗಿ ಜಾರಿಹೋಯಿತು, ಕೆಸುವಿನೆಲೆ ಮೇಲೆ ಹಾಕಿದ ಹಾಗೆ. ಎರಡನೇ ಸಲವೂ ಅಷ್ಟೇ. ಮೇಲಿನ ಕೂದಲು ಮಾತ್ರ ಅಂಟಿಕೊಂಡಿತು, ಒಳಗೆ ಬೆರಳಿಟ್ಟರೆ ನೀರೇ ಇಳಿದಿಲ್ಲ. ಅವಳಿಗೆ ಹಟ ಬಂತು. ನೀರು ಹಿಡಿಯದ ಬಟ್ಟೆಯನ್ನು ಅವಳು ಈವರೆಗೆ ಕಂಡಿರಲಿಲ್ಲ. ಅಡುಗೆಮನೆಯ ಜಿಡ್ಡು ತೆಗೆಯಲು ಇಟ್ಟ, ಪಾತ್ರೆ ತೊಳೆಯುವ ದಪ್ಪ ಸೋಪಿನ ಶೀಷೆ ತಂದಳು. ಅಂಗೈಗೆ ಸುರಿದುಕೊಂಡು ಹತ್ತೂ ಬೆರಳನ್ನು ಕೂದಲ ಬುಡಕ್ಕೆ ಹಾಕಿ, ಕುತ್ತಿಗೆಯಿಂದ ಬಾಲದವರೆಗೆ ನಿಧಾನವಾಗಿ ತಿಕ್ಕಿದಳು.

ಆಗ ಕೂದಲ ಒಳಗಿಂದ ಗುಳ್ಳೆಗಳು ಎದ್ದವು. ಸಾಸಿವೆ ಕಾಳಿನಷ್ಟು ಸಣ್ಣವು, ಬೆಳ್ಳಿಯ ಹಾಗೆ ಹೊಳೆಯುವವು, ಸಾವಿರ ಸಾವಿರ. ಬೆರಳು ಒತ್ತಿದಲ್ಲೆಲ್ಲ ಸಾಲಾಗಿ ಎದ್ದು ನೀರಿನ ಮೇಲೆ ಬಂದು ಒಡೆದುಹೋದವು. ಮರಿ ಮೈ ಸೆಟೆದು ಅವಳ ತೋಳನ್ನು ಬಿಗಿಯಾಗಿ ಹಿಡಿಯಿತು.

"ಆಯ್ತು ನನ್ನವ್ವ, ಆಯ್ತು. ನೋಡು ಎಷ್ಟು ಕೊಳೆ ಬಿಡ್ತಾ ಇದೆ," ಎಂದಳು ನೊರೆಯಕ್ಕ.

ಮೂರು ಸಲ ಜಾಲಿಸಿದಳು. ಬಿಸಿ ಟವೆಲುಗಳಲ್ಲಿ ಒರೆಸಿ ಒಣಗಿಸಿದಳು. ಒಂದು ಗಂಟೆಯ ಹೊತ್ತಿಗೆ ಸೀಟಿ ಹಿಂಜಿದ ಹತ್ತಿಯ ಹಾಗೆ ಉಬ್ಬಿಕೊಂಡು ಮೈ ನೆಕ್ಕಿಕೊಳ್ಳುತ್ತ ಕೂತಿತ್ತು. ಬಿಡದೆ ನೆಕ್ಕುತ್ತಿತ್ತು. ಅದರ ಕುತ್ತಿಗೆಗೆ ಮೂಗಿಟ್ಟು ನೋಡಿದಳು. ಏನೂ ವಾಸನೆಯಿಲ್ಲ. ಅವಳ ಮುಖ ಅರಳಿತು. ಯಾರಿಗೂ ಹೇಳಲಿಲ್ಲ. ಅವರಾಗಿಯೇ ನೋಡಿ, ಅವರಾಗಿಯೇ ಕೇಳಲಿ ಎಂದುಕೊಂಡಳು.

ಮೀಸೆಯಣ್ಣ ಬಂದವನು, "ಏನಮ್ಮ ಸೀಟಿ, ಇವತ್ತು ಭಾರಿ ದಪ್ಪ ಕಾಣ್ತೀಯ?" ಎಂದು ಎತ್ತಿಕೊಂಡು ನಡೆದೇಬಿಟ್ಟ. ಡಾಕ್ಟರಮ್ಮ ಗಾಡಿಯಿಂದ ಇಳಿದವಳು ಚೀಲ ಕೆಳಗಿಡದೆ ಕೊಳದ ಹತ್ತಿರ ಬಂದಳು. ನೊರೆಯಕ್ಕ ಕೈ ಒರೆಸಿಕೊಳ್ಳುತ್ತ ಅವರ ಹಿಂದೆ ನಿಂತಳು.

ಸೀಟಿ ದಂಡೆಯಲ್ಲಿ ಒಂದು ಸಲ ನೀರು ಮೂಸಿ, ಸರಕ್ಕನೆ ಒಳಗಿಳಿಯಿತು. ಬಾಣ ಬಿಟ್ಟ ಹಾಗೆ ಆಚೆ ದಡಕ್ಕೆ ಹೋಗಿ ತಲೆಯೆತ್ತಿತು. ಮೀಸೆಯಣ್ಣ ಚಪ್ಪಾಳೆ ತಟ್ಟಿದ. ಎರಡನೇ ಸುತ್ತಿಗೆ ಮುಳುಗಿತು, ಎದ್ದಿತು. ಮೂರನೇ ಸಲ ಎದ್ದಾಗ ತಲೆ ಮಾತ್ರ ಮೇಲಿತ್ತು, ಬೆನ್ನು ಕಾಣಲಿಲ್ಲ.

"ಇದ್ಯಾಕೆ ಇಷ್ಟು ಕೆಳಗೆ ತೇಲ್ತಾ ಇದೆ?" ಎಂದಳು ಡಾಕ್ಟರಮ್ಮ.

ಯಾರೂ ಉತ್ತರ ಕೊಡುವ ಮೊದಲೇ ಹಿಂಭಾಗ ಇಳಿಯಿತು. ಮುಂಗಾಲು ಬಡಿಯುತ್ತಿತ್ತು, ದೇಹ ಮೇಲೇಳಲಿಲ್ಲ, ನೆನೆದ ಕಂಬಳಿಯನ್ನು ಕಾಲಿಗೆ ಕಟ್ಟಿದ ಹಾಗೆ. ಮೂಗು ನೀರಿನ ಮಟ್ಟಕ್ಕೆ ಬಂತು. ಸೀಟಿ ಕೂಗಿತು. ಆ ಕೂಗನ್ನು ನೊರೆಯಕ್ಕ ಮುಂಚೆ ಕೇಳಿರಲಿಲ್ಲ. ಹಸಿವಿನ ಕೂಗಲ್ಲ ಅದು. ಮೀಸೆಯಣ್ಣ ಚಪ್ಪಲಿ ಸಮೇತ ನೀರಿಗೆ ಬಿದ್ದ.

ಎತ್ತಿ ತಂದಾಗ ಮರಿ ಅರ್ಧದಷ್ಟಾಗಿತ್ತು. ಕೂದಲೆಲ್ಲ ಮೈಗೆ ಅಂಟಿ ಪಕ್ಕೆಲುಬು ಕಾಣುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಡಾಕ್ಟರಮ್ಮ ಮಂಡಿಯೂರಿ ಬೆನ್ನಿನ ಕೂದಲನ್ನು ಎರಡೂ ಹೆಬ್ಬೆರಳಿಂದ ಸೀಳಿ ನೋಡಿದಳು. ನಸುಗೆಂಪು ಚರ್ಮ ಒದ್ದೆಯಾಗಿ ಹೊಳೆಯಿತು. ಅವಳ ಕೈ ಅಲ್ಲಿಯೇ ನಿಂತಿತು.

"ಚರ್ಮದವರೆಗೆ ನೀರು ಹೋಗಿದೆ," ಎಂದಳು, ಯಾರಿಗೂ ಅಲ್ಲ ಎಂಬಂತೆ. ಆಮೇಲೆ ಕುತ್ತಿಗೆಗೆ ಮೂಗಿಟ್ಟು ಮೂಸಿದಳು. "ಏನೂ ವಾಸನೇನೇ ಇಲ್ಲ. ಇದನ್ನ ಯಾರು ತೊಳೆದಿದ್ದು?"

ಇಡೀ ಬದುಕಿನಲ್ಲಿ ನೊರೆಯಕ್ಕ ಕಾದದ್ದೇ ಆ ಮಾತಿಗೆ, ಏನೂ ವಾಸನೆಯಿಲ್ಲ ಎನ್ನುವ ಮಾತಿಗೆ. ಅದು ಬಂದದ್ದು ಈ ದನಿಯಲ್ಲಿ.

"ನಾನು," ಎಂದಳು.

ಮೀಸೆಯಣ್ಣ ತಿರುಗಿ ನೋಡಿದ. ಅವನ ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬೈದಿದ್ದರೆ ಚೆನ್ನಾಗಿತ್ತು.

"ಯಾವ ಸೋಪು?"

"ಪಾತ್ರೆ ತೊಳೆಯೋದು."

ಡಾಕ್ಟರಮ್ಮ ಕಣ್ಣು ಮುಚ್ಚಿ ತೆರೆದಳು. "ಒಳಗೆ ತನ್ನಿ. ಬಿಸಿ ಟವೆಲು ಎಷ್ಟಿದೆಯೋ ಅಷ್ಟೂ ತನ್ನಿ."

ಸೀಟಿಯ ಕೋಣೆಗೆ ಹೋದ ಹಾದಿ ನೊರೆಯಕ್ಕನಿಗೆ ನೆನಪಿಲ್ಲ. ಕೈ ತಾನಾಗಿ ಟವೆಲು ಕೊಡುತ್ತಿತ್ತು, ಒದ್ದೆಯಾದದ್ದನ್ನು ತೆಗೆಯುತ್ತಿತ್ತು. ಜ್ವರ ನೋಡುವ ಕಡ್ಡಿ ತೆಗೆದು ಡಾಕ್ಟರಮ್ಮ, "ಮೂವತ್ತನಾಲ್ಕು. ಮೂವತ್ತೆಂಟು ಇರಬೇಕಿತ್ತು," ಎಂದಳು. ಮರಿಯ ಬಾಯಿಗೆ ಗ್ಲೂಕೋಸು ಹನಿಸುತ್ತ, ಒರೆಸುತ್ತ, ಮಧ್ಯೆ ಮಧ್ಯೆ ತುಂಡು ತುಂಡಾಗಿ ಹೇಳಿದಳು. ಬೈಗುಳವೇನೂ ಇರಲಿಲ್ಲ. ಪಾಠ ಹೇಳುವಂತೆಯೂ ಇರಲಿಲ್ಲ, ತನಗೇ ನೆನಪು ಮಾಡಿಕೊಳ್ಳುವ ಹಾಗಿತ್ತು.

"ಇದಕ್ಕೆ ಎರಡು ಪದರ ಕೂದಲು ಅಕ್ಕ. ಮೇಲಿಂದು ಒರಟು, ಕೆಳಗಿಂದು ನವಿರು. ಕೆಳಗಿನ ಪದರ ಎಷ್ಟು ಒತ್ತು ಅಂದ್ರೆ, ನಿಮ್ಮ ತಲೆಕೂದಲಲ್ಲಿ ಅರ್ಧ ಕಿತ್ತು ತಂದು ಒಂದು ಉಗುರಿನಷ್ಟು ಜಾಗದಲ್ಲಿ ನೆಟ್ಟ ಹಾಗೆ. ಅದರ ಸಂದಿಯಲ್ಲೆಲ್ಲ ಗಾಳಿ ಸಿಕ್ಕಿಕೊಂಡಿರುತ್ತೆ. ಆ ಗಾಳಿಯೇ ಇದರ ಸ್ವೆಟರು. ತೇಲಿಸೋದೂ ಅದೇ. ತಿಮಿಂಗಿಲಕ್ಕೆ ಇರೋ ಹಾಗೆ ಇದಕ್ಕೆ ಚರ್ಮದ ಕೆಳಗೆ ಕೊಬ್ಬಿಲ್ಲ. ಇರೋದು ಇದೊಂದೇ."

"ಜಿಡ್ಡು?" ಎಂದಳು ನೊರೆಯಕ್ಕ.

"ಜಿಡ್ಡು ಇದ್ದರೇ ನೀರು ಒಳಗೆ ಬರಲ್ಲ. ಇದರ ಚರ್ಮಕ್ಕೆ ನೀರು ಮುಟ್ಟೋ ಹಾಗೇ ಇಲ್ಲ."

ನೊರೆಯಕ್ಕನಿಗೆ ಆ ಬೆಳ್ಳಿ ಗುಳ್ಳೆಗಳು ಕಣ್ಣೆದುರು ಬಂದವು. ಸಾಲುಸಾಲಾಗಿ ಎದ್ದು ಒಡೆದದ್ದು, ತಾನು ನೋಡಿ ಹಿಗ್ಗಿದ್ದು. ಕೊಳೆಯಲ್ಲ ಅದು. ಮಗುವಿನ ಮೈಮೇಲಿನ ಅಂಗಿಯನ್ನು ತಾನೇ ಎಳೆ ಎಳೆಯಾಗಿ ಬಿಡಿಸಿ ತೆಗೆದಿದ್ದಳು. ಅದು ತನ್ನ ತೋಳನ್ನು ಬಿಗಿಯಾಗಿ ಹಿಡಿದಿತ್ತು. ತಾನು ಆಯ್ತು ನನ್ನವ್ವ ಅಂದಿದ್ದಳು. ಅವಳು ಗೋಡೆಗೆ ಒರಗಿಕೊಂಡಳು.

ಒಂದು ತಾಸಿನ ಮೇಲೆ ಮರಿಯ ನಡುಕ ಕಡಿಮೆಯಾಯಿತು. ಮೂವತ್ತೇಳಕ್ಕೆ ಬಂತು. ಡಾಕ್ಟರಮ್ಮ ಉಸಿರು ಬಿಟ್ಟು ಅವಳ ಕಡೆ ನೋಡಿದಳು.

"ಈಗ ಒಂದು ನಿಜ ಹೇಳಿ ಅಕ್ಕ. ಸೋಪು ಪೂರ್ತಿ ಹೋಗಿದೆಯಾ? ಒಂದು ಚೂರು ಬುಡದಲ್ಲಿ ಉಳಿದಿದ್ದರೂ ಇದರ ಕೂದಲು ಮತ್ತೆ ಕೂಡಿಕೊಳ್ಳಲ್ಲ. ಎಷ್ಟು ನೆಕ್ಕಿದರೂ ಆಗಲ್ಲ. ಹೋಗಿದ್ದರೆ ಮತ್ತೆ ನೀರು ಹಾಕೋದು ಬೇಡ, ಈ ಸ್ಥಿತೀಲಿ ಅಪಾಯ. ಉಳಿದಿದ್ದರೆ ಜಾಲಿಸಲೇಬೇಕು."

ಮೂರು ಸಲ ಜಾಲಿಸಿದ್ದೇನೆ ಎಂದು ಹೇಳಲು ನೊರೆಯಕ್ಕ ಬಾಯಿ ತೆರೆದಳು. ಹೇಳಲಿಲ್ಲ. ಹತ್ತಿರ ಬಂದು, ಮರಿಯ ಹೊಟ್ಟೆಯ ಪಕ್ಕದ ಒಂದು ಗುಂಜು ಒದ್ದೆ ಕೂದಲನ್ನು ಎರಡು ಬೆರಳ ನಡುವೆ ಹಿಂಡಿ, ಬಂದ ತೊಟ್ಟನ್ನು ನಾಲಿಗೆಗೆ ಮುಟ್ಟಿಸಿದಳು. ಮೀಸೆಯಣ್ಣ ಮುಖ ಸಿಂಡರಿಸಿದ.

"ಇದೆ," ಎಂದಳು. "ಬುಡದಲ್ಲಿ ಇದೆ. ನನ್ನ ಕೈಲಿ ಸೋಪು ಉಳಿದಿರೋದು ಇದೇ ಮೊದಲು."

"ನೀವೇ ತೆಗೀಬೇಕು. ನನಗಾಗಲಿ ಇವನಿಗಾಗಲಿ ಗೊತ್ತಾಗಲ್ಲ."

ಇಪ್ಪತ್ತು ನಿಮಿಷ. ಮೈಬಿಸಿಯಷ್ಟೇ ಬಿಸಿಯ ನೀರು, ಸಣ್ಣ ಧಾರೆ, ಕೂದಲಿನ ಎದುರು ದಿಕ್ಕಿನಿಂದ. ಮೀಸೆಯಣ್ಣ ದಪ್ಪ ಕೈಗವಸು ಹಾಕಿ ಮರಿಯನ್ನು ಹಿಡಿದಿದ್ದ. ಸೀಟಿಗೆ ಈ ಸಲ ಅದು ಆಟವಾಗಿರಲಿಲ್ಲ. ನೊರೆಯಕ್ಕನ ಕೈ ಕಂಡೊಡನೆ ಹಲ್ಲು ಕಿರಿದು ಹಿಂದೆ ಸರಿಯಿತು. ಬೆಚ್ಚಗಿನ ಟವೆಲ್ ತರುತ್ತಿದ್ದ ಅದೇ ಕೈ. ಅವಳು ಅದನ್ನು ನೋಡದವಳಂತೆ ತಲೆ ತಗ್ಗಿಸಿ, ಅಂಗುಲ ಅಂಗುಲವಾಗಿ ಜಾಲಿಸುತ್ತ ಹೋದಳು. ಹಿಂಡುವುದು, ನಾಲಿಗೆಗೆ ಮುಟ್ಟಿಸುವುದು, ಮತ್ತೆ ನೀರು ಬಿಡುವುದು. ಕುತ್ತಿಗೆ ಆಯಿತು. ಬೆನ್ನು ಆಯಿತು. ಹೊಟ್ಟೆಯ ಹತ್ತಿರ ಬಹಳ ಹೊತ್ತು ಹಿಡಿಯಿತು. ಕೊನೆಗೆ ಬರೀ ನೀರಿನ ರುಚಿ ಬಂತು.

"ಸಾಕು," ಎಂದಳು.

ಮನೆಗೆ ಬಂದವಳು ಊಟಕ್ಕೆ ಕೂತು ತಟ್ಟೆಯನ್ನೇ ನೋಡುತ್ತಿದ್ದಳು. ವಿಷಯ ಕೇಳಿದ ಸೊಸೆ ಪಕ್ಕದಲ್ಲಿ ಬಂದು ಕೂತಳು. ನಾನು ಹೇಳಿರಲಿಲ್ಲವಾ ಎಂದು ಅವಳು ಅನ್ನಬಹುದಿತ್ತು. ಅನ್ನಲಿಲ್ಲ. ನೀರಿನ ಲೋಟ ಹತ್ತಿರ ಸರಿಸಿ, "ಕೆಲಸದಿಂದ ತೆಗೀತಾರಾ ಅತ್ತೆ?" ಎಂದಳು.

"ತೆಗೆದರೆ ತೆಗೀಲಿ. ಅದು ಬದುಕಬೇಕು ಕಣೆ. ಬದುಕಿದರೆ ಸಾಲದು, ನೀರಿಗೆ ಇಳೀಬೇಕು. ನೀರಿಗೆ ಇಳಿಯೋಕಾಗದ ನೀರುನಾಯೀನ ಇಟ್ಕೊಂಡು ಏನು ಮಾಡ್ತಾರೆ? ಪಂಜರದಲ್ಲಿ ಸಾಯೋವರೆಗೆ ಸಾಕ್ತಾರೆ."

"ಆದ್ರೂ ಒಂದು ಮಾತು ನನಗೆ ಅರ್ಥ ಆಗಲಿಲ್ಲ. ನೀರಲ್ಲೇ ಇರೋದರ ಮೈಗೆ ನೀರು ತಾಕಲ್ಲ ಅಂದ್ರೆ ಹೇಗೆ?"

"ನನಗೂ ಆಗಲಿಲ್ಲ," ಎಂದಳು ನೊರೆಯಕ್ಕ. "ಡಾಕ್ಟರಮ್ಮ ಓದಿದವಳು. ಅವಳು ಹೇಳಿದ ಮೇಲೆ ಇರಬೇಕು. ನನ್ನ ತಪ್ಪಂತೂ ನಿಜ. ಆ ಮಾತು ಮಾತ್ರ ನನ್ನ ತಲೆಯೊಳಗೆ ಇಳೀತಾ ಇಲ್ಲ."

ಕೆಲಸದಿಂದ ತೆಗೆಯಲಿಲ್ಲ. ಅದಕ್ಕಿಂತ ಕಷ್ಟದ ಶಿಕ್ಷೆ ಕಾದಿತ್ತು. ಮರುದಿನ ಡಾಕ್ಟರಮ್ಮ ಸೀಟಿಯ ಕೋಣೆಗೆ ಒಣಹುಲ್ಲು ಹಾಕಿಸಿ, ಒಂದು ಕಂಬಳಿ ಹಾಸಿ, "ಇನ್ನು ಇದನ್ನ ಒಗೆಯೋ ಹಾಗಿಲ್ಲ," ಎಂದಳು. "ಮೈಯಿಂದ ಹೊಸ ಜಿಡ್ಡು ಬರಬೇಕು, ಅದು ನೆಕ್ಕಿ, ಉಜ್ಜಿ, ಹೊರಳಾಡಿ ಎಲ್ಲ ಕಡೆ ಹಚ್ಚಿಕೊಳ್ಳಬೇಕು. ಕಂಬಳೀಗೆ ಹತ್ತಿದ್ದೂ ವಾಪಸ್ ಅದರ ಮೈಗೇ ಬೇಕು."

"ಎಷ್ಟು ದಿನ?"

"ಹತ್ತು ದಿನ. ಹೆಚ್ಚೂ ಆಗಬಹುದು."

ಐದನೇ ದಿನಕ್ಕೆ ಆ ಕಂಬಳಿಯ ವಾಸನೆ ಗೋಡೆ ದಾಟಿ ಒಗೆಯುವ ಕೋಣೆಗೆ ಬಂತು. ನೊರೆಯಕ್ಕ ಬೇರೆ ಟವೆಲುಗಳನ್ನು ಒಗೆಯುತ್ತ, ಕಣ್ಣೆಲ್ಲ ಆ ಬಾಗಿಲ ಕಡೆಯೇ ಇಟ್ಟು, ತುಟಿ ಕಚ್ಚಿ ಕೂತಿರುತ್ತಿದ್ದಳು. ಮೀಸೆಯಣ್ಣ ಅಷ್ಟರಲ್ಲಿ ಸ್ವಲ್ಪ ಸ್ವಲ್ಪವಾಗಿ ಮಾತಿಗೆ ಮರಳಿದ್ದ.

"ಕೈ ಕಡೀತಾ ಇದೆಯಾ ಅಕ್ಕ?"

"ಸುಮ್ಮನಿರು. ನಾನು ಒಗೀದೇ ಬಿಟ್ಟ ಕಂಬಳಿ ಭೂಮಿ ಮೇಲೆ ಇದೊಂದೇ."

"ನನ್ನ ಮಾತೇ ಕೆಟ್ಟಿತು," ಎಂದ ಅವನು, ಬಕೆಟ್ಟು ಕೆಳಗಿಟ್ಟು. "ನೀರಿಗೆ ಮಾಡಿದ ಮೈ ಅಂದೆ. ಕೂದಲಿನ ವಿಷಯ ಹೇಳಬೇಕಿತ್ತು."

"ನಾನು ಕೇಳಬೇಕಿತ್ತು," ಎಂದಳು ಅವಳು.

ದಿನವೂ ಬೆಳಿಗ್ಗೆ ಡಾಕ್ಟರಮ್ಮ ಒಂದು ಚಮಚ ನೀರನ್ನು ಮರಿಯ ಬೆನ್ನ ಮೇಲೆ ಬಿಡುತ್ತಿದ್ದಳು. ಮೊದಲ ದಿನಗಳಲ್ಲಿ ನೀರು ಅಲ್ಲಿಯೇ ಇಂಗಿ ಕಪ್ಪು ಕಲೆಯಾಗುತ್ತಿತ್ತು. ಏಳನೇ ದಿನ ಒಂದು ಹನಿ ಉರುಳಿ ಕೆಳಗೆ ಬಿತ್ತು. ಹತ್ತನೇ ದಿನ ಬೆನ್ನೆಲ್ಲ ಸರಿಯಾಗಿತ್ತು, ಮುಂಗಾಲಿನ ಕಂಕುಳು ಮಾತ್ರ ಒದ್ದೆ ಹಿಡಿಯಿತು. ಅಷ್ಟು ಜಾಗ ಸಾಕಂತೆ, ಹರಿದ ಬೂಟಿನೊಳಗೆ ನೀರು ಬಂದ ಹಾಗೆ ಒಳಗೆಲ್ಲ ಹರಡಲು. ಹದಿಮೂರನೇ ದಿನ ಅದೂ ಸರಿಹೋಯಿತು.

ಆದರೆ ಕೊಳದ ದಂಡೆಯಲ್ಲಿ ಬಿಟ್ಟಾಗ ಸೀಟಿ ನೀರಿಗೆ ಇಳಿಯಲಿಲ್ಲ. ನೀರನ್ನು ಮೂಸಿ ಹಿಂದೆ ಸರಿಯಿತು. ಮೀಸೆಯಣ್ಣನ ಕಾಲ ಸಂದಿಯಲ್ಲಿ ಅಡಗಿತು. ಅವನು ಮೀನು ಬಿಟ್ಟ, ಕರೆದ, ತಾನೇ ನೀರಿಗಿಳಿದು ಅಲ್ಲಾಡಿಸಿದ. ಇಲ್ಲ. ಮರುದಿನವೂ ಇಲ್ಲ. ಅದರ ಮರುದಿನವೂ ಇಲ್ಲ. ಕೂದಲು ವಾಪಸ್ ಬಂದಿತ್ತು, ಧೈರ್ಯ ಬಂದಿರಲಿಲ್ಲ.

"ತಳ್ಳಬೇಡಿ," ಎಂದಳು ಡಾಕ್ಟರಮ್ಮ. "ಒಂದು ಸಲ ತಳ್ಳಿದರೆ ಮುಗೀತು."

ನೊರೆಯಕ್ಕ ದೂರದಲ್ಲಿ, ಒಣಹಾಕಿದ ಚಾದರದ ಮರೆಯಲ್ಲಿ ನಿಂತು ನೋಡುತ್ತಿದ್ದಳು. ಹತ್ತಿರ ಹೋದರೆ ಮರಿ ಹೆದರುತ್ತದೆ ಎಂದು ಹೋಗಲಿಲ್ಲ. ತಾನು ಮಾಡಿದ್ದು ಚರ್ಮಕ್ಕಿಂತ ಒಳಗೆ ಹೋಗಿ ಕೂತಿದೆ, ಅದನ್ನು ಜಾಲಿಸಿ ತೆಗೆಯುವ ನೀರು ಯಾವುದು ಎಂದು ಅವಳಿಗೆ ಗೊತ್ತಿರಲಿಲ್ಲ.

ನಾಲ್ಕನೇ ದಿನ ಬಿಸಿಲು ಚುರುಕಾಗಿತ್ತು. ಎಲ್ಲರೂ ಕರೆಯುವುದನ್ನು ಬಿಟ್ಟು ದಂಡೆಯಲ್ಲಿ ಸುಮ್ಮನೆ ಕೂತಿದ್ದರು. ಕಲ್ಲಿನ ಹತ್ತಿರ, ಮೊಣಕಾಲುದ್ದದ ನೀರಲ್ಲಿ ಒಂದು ಮೀನು ಪಳಕ್ಕನೆ ಮಗ್ಗುಲು ತಿರುಗಿತು. ಸೀಟಿಯ ಮೀಸೆ ಮುಂದಕ್ಕೆ ಚಾಚಿತು. ಒಂದು ಕಾಲು ಇಟ್ಟಿತು, ತೆಗೆಯಿತು. ಆಮೇಲೆ ಇಳಿದೇಬಿಟ್ಟಿತು.

ಒಂದು ಕ್ಷಣ ನೀರಿನ ಮೇಲೆ ಏನೂ ಇರಲಿಲ್ಲ. ನೊರೆಯಕ್ಕ ಚಾದರದ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು. ತಳದಲ್ಲಿ ಬೆಳ್ಳಿಯ ಗೆರೆಯೊಂದು ಹಾದುಹೋಯಿತು. ಕೂದಲೊಳಗಿನ ಗಾಳಿ ಅದು, ನೀರೊಳಗೆ ಹೊಳೆಯುತ್ತಿತ್ತು. ಆಚೆ ದಡದಲ್ಲಿ ಸೀಟಿ ಮೇಲೆ ಬಂತು, ಬೆನ್ನು ಪೂರ್ತಿ ನೀರಿನ ಮೇಲೆ, ಬಾಯಲ್ಲಿ ಮೀನು. ಕಾಲು ಗಂಟೆ ಅದು ಹೊರಗೆ ಬರಲೇ ಇಲ್ಲ. ಬಂದಾಗ ಬಿಸಿಲುಕಲ್ಲಿನ ಮೇಲೆ ಕೂತು ಮೀನು ತಿನ್ನತೊಡಗಿತು.

"ನೊರೆಯಕ್ಕ, ಬನ್ನಿ," ಎಂದಳು ಡಾಕ್ಟರಮ್ಮ.

"ಬೇಡ ಡಾಕ್ಟರಮ್ಮ. ನನ್ನ ಕಂಡ್ರೆ ಅದು—"

"ಹಿಂದಿನಿಂದ ಬನ್ನಿ. ತಿನ್ನುವಾಗ ಅದಕ್ಕೆ ಯಾರೂ ಬೇಕಾಗಿಲ್ಲ. ನಾನು ಹಿಡ್ಕೊಂಡಿರ್ತೀನಿ."

ಅವಳು ಬಂದು ಮಂಡಿಯೂರಿದಳು. ಸೀಟಿಯ ಬೆನ್ನ ಮೇಲೆ ಕೂದಲು ಮುಳ್ಳು ಮುಳ್ಳಾಗಿ ನಿಂತಿತ್ತು, ತುದಿತುದಿಯಲ್ಲಿ ನೀರ ಹನಿ. ಮುಟ್ಟಿದರೆ ಒದ್ದೆ, ತಣ್ಣಗೆ. ಡಾಕ್ಟರಮ್ಮ ಹೆಬ್ಬೆರಳಿಂದ ಆ ಕೂದಲನ್ನು ಸೀಳಿ, "ಇಲ್ಲಿ ಬೆರಳಿಡಿ," ಎಂದಳು.

ನೊರೆಯಕ್ಕ ತೋರುಬೆರಳನ್ನು ಇಳಿಸಿದಳು. ಮೇಲಿನ ಒದ್ದೆ ದಾಟಿತು. ಕೆಳಗೆ ಒಣಗಿತ್ತು. ಒಣಗಿಸುವ ಯಂತ್ರದಿಂದ ಆಗತಾನೇ ತೆಗೆದ ಟವೆಲಿನ ಮಡಿಕೆಯೊಳಗೆ ಕೈ ಹಾಕಿದಂತೆ ಒಣಗಿ, ಬೆಚ್ಚಗೆ ಇತ್ತು. ಬುಡದಲ್ಲಿ ಚರ್ಮ ಇತ್ತು, ಅದರಡಿಯಲ್ಲಿ ಎದೆಬಡಿತ. ಕಾಲು ಗಂಟೆ ನೀರೊಳಗೆ ಮುಳುಗೆದ್ದ ಜೀವ.

ಅವಳು ಬೆರಳನ್ನು ತೆಗೆದು ನೋಡಿಕೊಂಡಳು, ಮತ್ತೆ ಇಟ್ಟಳು.

"ಡಾಕ್ಟರಮ್ಮ," ಎಂದಳು. "ಹಾಗಾದರೆ ಹುಟ್ಟಿದ ದಿನ ಬಿಟ್ಟರೆ, ಇದರ ಚರ್ಮ ಒದ್ದೆಯಾಗಿರೋದು ಒಂದೇ ದಿನ. ನನ್ನ ಕೈಯಲ್ಲಿ."

ಸೀಟಿ ಮೀನಿನ ಬಾಲವನ್ನು ಕಲ್ಲಿನ ಮೇಲೆ ಬಿಟ್ಟು, ಮೈ ಒಂದು ಸಲ ಕೊಡವಿ, ಇಬ್ಬರ ಕೈಯಿಂದಲೂ ಜಾರಿಕೊಂಡು ನೀರಿಗೆ ಇಳಿಯಿತು.